ಫೈನಲ್ ದಿನ ಕಂಬ ಬಿಟ್ಟ ಕಾಗೆ

ಫುಟ್‌ಬಾಲ್ ಪಂದ್ಯವಿದ್ದಾಗಲೆಲ್ಲ ಕಾಗೆಯೊಂದು ಗೋಲುಕಂಬದ ಮೇಲೆ ಕೂತು ನೋಡಿ, ಸಂಜೆ ಆಟದ ಕಥೆ ಹೇಳುತ್ತಿತ್ತು. ಕೇಳುವುದಕ್ಕಿದ್ದದ್ದು ಒಂದೇ ಎಮ್ಮೆ. ಮೈದಾನದ ಬದಿಯಲ್ಲೇ ಮೇಯುವ ಅದು ಪಂದ್ಯವನ್ನು ತಾನೂ ನೋಡಿರುತ್ತಿತ್ತು. ಆದರೂ ಮರ್ಯಾದೆಗೆ ತಲೆಯಾಡಿಸುತ್ತಿತ್ತು.

ಒಂದು ಎಮ್ಮೆಗಾಗಿ ಗಂಟಲು ಹರಿದುಕೊಳ್ಳುವುದು ಕಾಗೆಗೆ ಅವಮಾನವೆನಿಸಿತು. ಫೈನಲ್ ದಿನ ಕಂಬ ಬಿಟ್ಟು ಮರಮರಕ್ಕೂ ಹಾರಿ, "ಸಂಜೆ ಬನ್ನಿ, ನನ್ನ ಹಾಗೆ ಪಂದ್ಯ ಹೇಳುವವರು ಇನ್ನೊಬ್ಬರಿಲ್ಲ" ಎಂದು ಸಾರಿತು. ಸಂಜೆ ನೂರಾರು ಹಕ್ಕಿಗಳು ನೆರೆದವು.

"ಗೆಲುವಿನ ಗೋಲು ಹೊಡೆದವರು ಯಾರು?" ಎಂದಿತು ಕೊಕ್ಕರೆ.

ಕಾಗೆ ಗಂಟಲು ಸರಿಮಾಡಿಕೊಂಡಿತು. "ಅದನ್ನು ನಮ್ಮ ಎಮ್ಮೆಯಕ್ಕನ ಬಾಯಲ್ಲೇ ಕೇಳಬೇಕು."

ಎಮ್ಮೆ ಮೆಲುಕು ಹಾಕುತ್ತ ಇಡೀ ಪಂದ್ಯ ಹೇಳಿತು. ಅಂದಿನಿಂದ ಹಕ್ಕಿಗಳು ಎಮ್ಮೆಯ ಬೆನ್ನಿನ ಮೇಲೆಯೇ ಕೂತು ಕೇಳತೊಡಗಿದವು. ಕಾಗೆಗೆ ಸಿಕ್ಕಿದ ಜಾಗ ಬಾಲದ ಹತ್ತಿರ.