ಒಂದೇ ದರದ ಗೋದಿ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯ ಅಜ್ಜ ಇದ್ದರು. ಅವರ ಶಿಷ್ಯ ಫಕೀರೇಶ. ವಯಸ್ಸು ನಲವತ್ತು ದಾಟಿತ್ತು, ಆದರೂ ಒಂದು ಕಡೆ ಕಾಲು ನಿಲ್ಲದವನು.

ಒಂದು ಸೋಮವಾರ ಅವನು ಪೇಟೆಯಿಂದ ಬಂದವನೇ ಚಪ್ಪಲಿ ಕೂಡ ಕಳಚದೆ ಮಠದ ಬಾಗಿಲ ಮುಂದೆ ಅತ್ತಿಂದಿತ್ತ ತಿರುಗತೊಡಗಿದ.

"ಏನಾತಪಾ?" ಎಂದರು ಅಜ್ಜ.

"ಮೋಸ ಆತ್ರಿ ಅಜ್ಜಾರ."

ಆದದ್ದು ಇಷ್ಟು. ಸುಗ್ಗಿಗೆ ಮೊದಲು ಫಕೀರೇಶ ಊರಿನ ಹನ್ನೊಂದು ಮನೆ ತಿರುಗಿ ಹೇಳಿದ್ದ: "ಗೋದಿ ಚೊಕ್ಕ ಮಾಡಿ ತರ್ರಿ. ಒಳ್ಳೆ ಮಾಲಿಗೆ ಒಳ್ಳೆ ದರ ತಾನ ಬರತೈತಿ." ಮಠದವನ ಮಾತೆಂದು ಜನ ನಂಬಿದರು. ತೂರಿದರು, ಕೇರಿದರು, ಹರಳು ಆರಿಸಿದರು. ಪೇಟೆಯಲ್ಲಿ ವ್ಯಾಪಾರಿ ಒಂದು ಚೀಲಕ್ಕೆ ಕೈ ಹಾಕಿದ, ನಾಲ್ಕು ಕಾಳು ಕಡಿದು ನೋಡಿದ, ದರ ಹೇಳಿದ. ಪಕ್ಕದಲ್ಲಿ ಮಣ್ಣುಹೆಂಟೆ ತುಂಬಿದ್ದ ಗೋದಿಗೂ ಅದೇ ದರ.

"ಕಸ್ತೂರೆವ್ವ ಎಲ್ಲಾರ ಎದುರಿಗೆ ಅಂಗೈ ತೋರಿಸಿದಳ್ರಿ. ಮೊರ ಹಿಡದು ಹಿಡದು ಬೊಬ್ಬಿ ಎದ್ದಾವು. 'ಮುಂದಿನ ವರ್ಷ ಗೋದಿ ಜೋಡಿ ಹೊಲಾನೂ ಚೀಲಕ್ಕ ತುಂಬತೇನಿ ತಮ್ಮಾ' ಅಂದಳು. ಜನ ನಕ್ಕರು. ನನಗ ತಲಿ ಎತ್ತಾಕ ಆಗಲಿಲ್ಲ."

ಫಕೀರೇಶ ಬಾಗಿಲ ಮುಂದೆ ಮತ್ತೆರಡು ಸುತ್ತು ಹಾಕಿದ.

"ಕಳ್ಳ ಅದಾನ್ರಿ ಆ ವ್ಯಾಪಾರಿ. ನೀವು ಒಂದ ಸಲ ಬಂದು ಬುದ್ಧಿ ಹೇಳ್ರಿ. ನಿಮ್ಮ ಮಾತು ಮೀರೂದಿಲ್ಲ."

"ನಮ್ಮ ಹೊಲದ ಗೋದಿ ಇನ್ನೂ ಹಸರೈತಿ," ಎಂದರು ಅಜ್ಜ. "ದಾಸೋಹಕ್ಕ ಕಾಳು ತೀರ್ಯಾವು. ಬರೂ ಸೋಮವಾರ ಒಂದು ಚೀಲ ಕೊಂಡು ಬಾ."

"ನಾ ಹೇಳಿದ್ದೇನು, ನೀವು ಹೇಳೂದೇನ್ರಿ!"

ಅಷ್ಟರಲ್ಲಿ ಅಜ್ಜ ಒಳಗೆ ಹೋಗಿಯಾಗಿತ್ತು.

ಸೋಮವಾರ ಫಕೀರೇಶ ಪೇಟೆಗೆ ಹೋದ. ಒಬ್ಬನ ಚೀಲದ ಬಾಯಲ್ಲಿ ಕಾಳು ಬಂಗಾರದ ಹಾಗೆ ಹೊಳೆಯುತ್ತಿತ್ತು. ಚೌಕಾಸಿ ಮಾಡದೆ ಕೊಂಡ. ಮಠಕ್ಕೆ ತಂದು ಸುರುವಿದರೆ ಮೇಲಿನ ಮೊಳದಷ್ಟು ಮಾತ್ರ ಚಿನ್ನ. ಕೆಳಗೆಲ್ಲ ಮಣ್ಣು, ಮುಗ್ಗು ಹಿಡಿದ ಕಾಳು.

ಎಷ್ಟು ಆರಿಸಿದರೂ ಅಂದಿನ ಹುಗ್ಗಿಯಲ್ಲಿ ಹರಳು ಉಳಿಯಿತು. ಪಂಕ್ತಿಯಲ್ಲಿ ಕೂತವರು ಕಟಕ್ ಎಂದು ಕಡಿದು ಉಗುಳಿದರು. ಅಜ್ಜ ಉಂಡು ಎದ್ದರು.

"ಇನ್ನೊಂದು ಚೀಲ ತಗೊಂಡು ಬಾ," ಎಂದರು.

ಮುಂದಿನ ವಾರ ಫಕೀರೇಶ ಹುಷಾರಾಗಿದ್ದ. ಹೊಳೆಯಾಚೆಯ ರೈತನೊಬ್ಬ, ದ್ಯಾಮಣ್ಣನೆಂಬವನು, ಚೀಲ ಬಿಚ್ಚಿಕೊಂಡು ಕೂತಿದ್ದ. ಫಕೀರೇಶ ರಟ್ಟೆವರೆಗೆ ಕೈ ಇಳಿಸಿದ. ತಳ ಸಿಗಲಿಲ್ಲ.

"ಒಂದು ಹರಳು ಇಲ್ಲರೀ," ಎಂದ ದ್ಯಾಮಣ್ಣ. "ನನ್ನ ಮಗಳು ಕೂತು ಆರಿಸ್ಯಾಳ."

"ಎಲ್ಲಾರೂ ಹಂಗ ಅಂತಾರ," ಎಂದ ಫಕೀರೇಶ. ಹೋದ ವಾರದ ಹುಗ್ಗಿ ಅವನ ಹಲ್ಲಿನಲ್ಲಿ ಇನ್ನೂ ಕಟಗುಡುತ್ತಿತ್ತು. ಕೆಳಗಿನ ದರ ಹೇಳಿದ. ದ್ಯಾಮಣ್ಣ ಅವನ ಮುಖ ನೋಡಿದ, ದೋಣಿಗೆ ಹೊತ್ತಾಯಿತೆಂದು ಹೊಳೆಯ ಕಡೆ ನೋಡಿದ, ಕೊಟ್ಟು ಹೋದ.

ಮಠದಲ್ಲಿ ಚೀಲ ಸುರುವಿದಾಗ ಬಾಯಿಂದ ತಳದವರೆಗೆ ಒಂದೇ ಕಾಳು. ಒಂದು ಹರಳಿಲ್ಲ.

ಫಕೀರೇಶ ಆ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅಜ್ಜ ಬಂದು ನಿಂತರು.

"ಕಳ್ಳ ಸಿಕ್ಕನೇನಪಾ?"

ಫಕೀರೇಶನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಹೊಳೆ ದಾಟಿ ದ್ಯಾಮಣ್ಣನ ಮನೆ ಹುಡುಕಿದ. ತಪ್ಪಾಯಿತೆಂದು ಕೈ ಮುಗಿದು, ಕಡಿಮೆ ಕೊಟ್ಟಿದ್ದಷ್ಟು ದುಡ್ಡನ್ನು ಮುಂದೆ ಇಟ್ಟ.

ದ್ಯಾಮಣ್ಣ ನೀರು ಕೊಟ್ಟ. ದುಡ್ಡನ್ನೂ ತೆಗೆದುಕೊಂಡ.

"ನೀವು ದೊಡ್ಡವ್ರು, ತಿರುಗಿ ಬಂದ್ರಿ," ಎಂದ. "ಆದ್ರ ನಾ ಪ್ರತಿ ಸೋಮವಾರ ಪೇಟಿಗೆ ಹೋಗಬೇಕ್ರಿ. ಪ್ರತಿ ಸೋಮವಾರ ನೀವು ಇರತೀರೇನು?"

ಆ ಮಾತು ದೋಣಿಯ ದಾರಿಯುದ್ದಕ್ಕೂ ಅವನ ಜೊತೆಗೇ ಬಂತು. ಮಠಕ್ಕೆ ಬಂದವನು ಕೂರಲಿಲ್ಲ.

"ಅಜ್ಜಾರ, ಹಂಗಾದ್ರ ವ್ಯಾಪಾರಿದು ತಪ್ಪ ಇಲ್ಲೇನ್ರಿ?"

"ಕೊಂಡ ಗೋದಿ ಅವ ಏನ ಮಾಡತಾನ?"

"ಅಂಗಡಿ ಹಿಂದ ಜರಡಿ ಹಿಡಸತಾನ್ರಿ. ದಪ್ಪ ಕಾಳು ಬ್ಯಾರೆ, ನಡಬರಕಿಂದು ಬ್ಯಾರೆ, ನುಚ್ಚು ಬ್ಯಾರೆ. ದಪ್ಪಂದು ರವಾ ಗಿರಣಿಗೆ ಹೋಗತೈತಿ, ಹೆಚ್ಚಿನ ದರಕ್ಕ."

"ಅಂದ್ರ ಕಾಳಿನ ಗುಣ ಅವಗ ಗೊತ್ತಾಗತೈತಿ."

"ಗೊತ್ತಾಗತೈತ್ರಿ. ಕೊಂಡ ಮ್ಯಾಲೆ."

"ಅವ ಅಂಗಡಿ ಹಿಂದ ಹಿಡಿಯೂ ಜರಡಿ, ನೀವು ಅಂಗಡಿಗೆ ಹೋಗೂದ್ರೊಳಗ ಯಾಕ ಹಿಡೀಬಾರದು?"

ಫಕೀರೇಶನ ಕಾಲು ಅಲ್ಲೇ ನಿಂತವು.

ಮರುದಿನವೇ ಅವನು ರವೆ ಗಿರಣಿಗೆ ನಡೆದ. ಅಲ್ಲಿನ ಮುನೀಮ ಒಣ ಮಾತಿನ ಮನುಷ್ಯ. "ಮೂವತ್ತು ಚೀಲ ಒಂದ ನಮೂನಿ ಇದ್ರ ನಾನ ಬರತೇನಿ. ಕಡಿಮಿ ಇದ್ರ ಗಾಡಿ ಬಾಡಿಗಿ ಗಿಟ್ಟೂದಿಲ್ಲ," ಎಂದ.

ಊರಿನವರ ಮನೆಗಳಲ್ಲಿ ಅರ್ಧ ಗೋದಿ ಇನ್ನೂ ಇತ್ತು. ಫಕೀರೇಶ ಮತ್ತೆ ಹನ್ನೊಂದು ಬಾಗಿಲು ತಟ್ಟಿದ.

"ಮತ್ತ ನಿನ್ನ ಮಾತು ನಂಬಬೇಕೇನು ತಮ್ಮಾ?" ಎಂದಳು ಕಸ್ತೂರೆವ್ವ.

"ನಂಬಬ್ಯಾಡ ಅಕ್ಕಾ. ಬಂದು ನೋಡು."

ಅಷ್ಟರಲ್ಲಿ ಮಠದ ಹೊಲವೂ ಕೊಯ್ಲಾಗಿತ್ತು. ಮಠದ ಬಯಲಲ್ಲಿ ತಾಡಪತ್ರಿ ಹಾಸಿದರು. ಒಂದೊಂದೇ ಮನೆಯ ಚೀಲವನ್ನು ಎಲ್ಲರ ಕಣ್ಣೆದುರು ಬುಡಮೇಲು ಸುರುವಿ ಜರಡಿ ಹಿಡಿದರು. ದಪ್ಪ ಕಾಳಿಗೆ ಮೇಲಿನದು, ಅದಕ್ಕಿಂತ ಸಣ್ಣದಕ್ಕೆ ನಡುವಿನದು, ನುಚ್ಚಿಗೆ ಕಡೆಯದು ಎಂದು ಮೂರು ರಾಶಿ ಬೆಳೆಯತೊಡಗಿದವು.

ಕಸ್ತೂರೆವ್ವನ ನಾಲ್ಕು ಚೀಲದಲ್ಲಿ ಎರಡು ನಡುವಿನ ರಾಶಿಗೆ ಹೋದವು.

"ಯಾಕೋ? ನನ್ನ ಗೋದ್ಯಾಗ ಎಲ್ಲಿ ಐತಿ ಹರಳು?"

"ಹರಳಿಲ್ಲ ಅಕ್ಕಾ. ಕಾಳು ಸಣ್ಣ ಐತಿ."

ಅವಳು ಎರಡೂ ರಾಶಿಯಿಂದ ಹಿಡಿ ಹಿಡಿ ಕಾಳು ತೆಗೆದು ಪಕ್ಕಪಕ್ಕದಲ್ಲಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಆ ಎರಡು ಚೀಲದಲ್ಲಿ ಮಿಕ್ಕಿದ್ದನ್ನು ತಾನೇ ನಡುವಿನ ರಾಶಿಗೆ ನೂಕಿದಳು.

ಮುನೀಮ ಬಂದಾಗ ಹನ್ನೊಂದು ಮನೆಯವರದೂ ಮುಗಿದಿತ್ತು. ಮೇಲಿನ ರಾಶಿ ಎಣಿಸಿದರೆ ಇಪ್ಪತ್ತೊಂಬತ್ತು ಚೀಲ.

ಉಳಿದದ್ದು ಮಠದ ಒಂದೇ ಚೀಲ. ತಡವಾಗಿ ಬಿತ್ತಿದ್ದು, ಬಿಸಿಲಿಗೆ ಕಾಳು ಸೊರಗಿತ್ತು. ಫಕೀರೇಶ ಸುರುವಿದ. ಕಾಳೆಲ್ಲ ಜರಡಿಯಿಂದ ಕೆಳಗಿಳಿಯಿತು.



"ಮಠದ ಗೋದಿ ಅಲ್ಲೇನಪಾ?" ಎಂದಳು ಕಸ್ತೂರೆವ್ವ ಮೆಲ್ಲಗೆ. "ಮ್ಯಾಲಿನ ರಾಶಿಗೆ ಹಾಕು. ಮೂವತ್ತು ಆಗತೈತಿ. ಬ್ಯಾಡ ಅನ್ನೋರು ಯಾರದಾರ ಇಲ್ಲಿ?"

ಹನ್ನೊಂದು ಮನೆಯವರೂ ಹೌದೆಂದು ತಲೆಯಾಡಿಸಿದರು. ಫಕೀರೇಶ ಬುಟ್ಟಿ ತುಂಬಿ ಎತ್ತಿದ. ಮುನೀಮ ದೂರದಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ. ಬುಟ್ಟಿ ಮೇಲಿನ ರಾಶಿಯ ತನಕ ಬಂತು. ಅಲ್ಲಿಂದ ಮುಂದೆ ಅವನ ಕೈ ಹೋಗಲೊಲ್ಲದು, ಹಿಂದೆಯೂ ಬರಲೊಲ್ಲದು.

ಅಜ್ಜ ಎದ್ದು ಬಂದರು. ಅವನ ಕೈಯಿಂದ ಬುಟ್ಟಿ ತೆಗೆದುಕೊಂಡು ಕಡೆಯ ರಾಶಿಗೆ ಸುರುವಿದರು. ಹೋಗಿ ಮತ್ತೆ ಕೂತರು.

ಮುನೀಮ ಎಲೆ ಬಾಯಿಗಿಟ್ಟುಕೊಂಡು ಬಂದ. ಒಂದು ಚೀಲದ ತಳ ನೋಡಿದ. ಎರಡು, ಮೂರು, ನಾಲ್ಕು ನೋಡಿದ. ಐದನೆಯದನ್ನು ಬಿಚ್ಚಲಿಲ್ಲ.

"ಇಪ್ಪತ್ತೊಂಬತ್ತು ಏರಿಸ್ರಿ. ಇಂಥಾ ಮಾಲಿಗೆ ಒಂದು ಚೀಲ ಕಡಿಮಿ ಇದ್ರೂ ಬಾಡಿಗಿ ಗಿಟ್ಟತೈತಿ," ಎಂದ. ಅವನು ಹೇಳಿದ ದರ ಪೇಟೆಗಿಂತ ಹೆಚ್ಚಿತ್ತು. ನಡುವಿನ ರಾಶಿಗೆ ಪೇಟೆಯ ದರ ಬಂತು. ಕಡೆಯದನ್ನು ಯಾರೂ ಕೇಳಲಿಲ್ಲ.

ಗಾಡಿ ಹೋಯಿತು, ಜನ ಹೋದರು. ಫಕೀರೇಶ ತಾಡಪತ್ರಿ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಕಡೆಗೆ ತಡೆಯಲಾರದೆ ಕೇಳಿದ:

"ಊರ ಮಂದಿ ಎಲ್ಲಾ ಒಪ್ಪಿದ್ರಲ್ರಿ ಅಜ್ಜಾರ. ನಿಮ್ಮ ಮ್ಯಾಲಿನ ಭಕ್ತಿಗೆ ಒಪ್ಪಿದ್ರು. ಒಂದ ಚೀಲ. ಯಾಕ ಬ್ಯಾಡ ಅಂದ್ರಿ?"

ಅಜ್ಜ ಅಂಗೈಗೆ ಅಂಟಿದ್ದ ಹೊಟ್ಟು ಒರೆಸಿಕೊಂಡರು.

"ಜರಡಿಗೆ ಕೈ ಮುಗಿಯಾಕ ಬರೂದಿಲ್ಲಪಾ."