ಸಾಹೇಬರ ಒಂದೇ ಉತ್ತರ

ಗ್ರಂಥಾಲಯ ಕಚೇರಿಯ ಪಾಟೀಲ ಸಾಹೇಬರು ಯಾವ ಇಮೇಲ್ ಬಂದರೂ ಒಂದೇ ಮಾತು ಬರೆಯುತ್ತಿದ್ದರು: "ಸರಿ." ಕೇಳಿದ ಪ್ರಶ್ನೆಯನ್ನು ಪೂರ್ತಿ ಅಳಿಸಿ ಉತ್ತರವಷ್ಟೇ ಕಳಿಸುವುದು ಅವರ ರೂಢಿ. ಕೆಲಸ ಕೆಟ್ಟರೆ, "ನಾ ಸರಿ ಅಂದಿದ್ದು ಬೇರೆದಕ್ಕ" ಎಂದು ಜಾರಿಕೊಳ್ಳುತ್ತಿದ್ದರು.

ಹೀಗೇ ಒಮ್ಮೆ ಅವರ "ಸರಿ" ನಂಬಿ ಗುಮಾಸ್ತೆ ನೀಲವ್ವ ಹತ್ತು ಕಪಾಟುಗಳನ್ನು ಪಕ್ಕದೂರಿನ ಶಾಖೆಗೆ ಕಳಿಸಿದಳು. ಅಲ್ಲಿ ಅವು ಬಾಗಿಲಲ್ಲೇ ತೂರಲಿಲ್ಲ. ಸಾಹೇಬರು ಅವಳಿಗೇ ಮೆಮೊ ಕೊಟ್ಟರು. ಮೂರು ದಿನದಲ್ಲಿ ಸಮಜಾಯಿಷಿ ಬರದಿದ್ದರೆ ವರ್ಗಾವಣೆ.

ನೀಲವ್ವ ಅಂದೇ ಸಮಜಾಯಿಷಿ ಇಮೇಲ್ ಮಾಡಿದಳು, ಜಿಲ್ಲಾ ಅಧಿಕಾರಿಗೂ ಒಂದು ಪ್ರತಿ ಹಾಕಿದಳು. ಅದರಲ್ಲಿ ಮೂರೇ ಅಂಶ. ಒಂದು, ಕಪಾಟು ಕಳಿಸಲು ತಾವೇ ಒಪ್ಪಿದ್ದಿರಿ. ಎರಡು, ಮೆಮೊ ಹಿಂಪಡೆಯಬೇಕು. ಮೂರು, ತಮ್ಮ ಉತ್ತರ ಯಾವ ಅಂಶಕ್ಕೆ ಎಂದು ತಾವು ತೋರಿಸದಿದ್ದರೆ, ಅದು ಎಲ್ಲಕ್ಕೂ ಉತ್ತರವೆಂದು ತಿಳಿಯುತ್ತೇನೆ.

ಐದು ನಿಮಿಷದಲ್ಲಿ ನೀಲವ್ವನಿಗೂ ಜಿಲ್ಲಾ ಅಧಿಕಾರಿಗೂ ಸಾಹೇಬರ ಉತ್ತರ ಬಂತು: "ಸರಿ."

ಸ್ವಲ್ಪ ಹೊತ್ತಿಗೆ ಜಿಲ್ಲಾ ಅಧಿಕಾರಿಯ ಇಮೇಲೂ ಬಂತು. ನೀಲವ್ವನ ಮೂರೂ ಅಂಶ, ಅದರ ಕೆಳಗೆ ಸಾಹೇಬರ "ಸರಿ", ಅದರ ಕೆಳಗೆ ಒಂದು ಸಾಲು: "ಪಾಟೀಲರೇ, ಒಪ್ಪಿದ್ದೀರಲ್ಲ, ಮೆಮೊ ಇಂದೇ ಹಿಂಪಡೆಯಿರಿ."

ಸಾಹೇಬರು ನೀಲವ್ವನ ಮೇಜಿನ ಹತ್ತಿರ ಬಂದು ನಿಂತರು.

"ನಾ ಸರಿ ಅಂದಿದ್ದು ಮೇಲ್ ಮುಟ್ಟೇತಿ ಅನ್ನೂದಕ್ಕ, ನೀಲವ್ವ."

"ಮೂರನೇದು ಓದ್ರಿ, ಸಾಹೇಬ್ರ."

ಅವರು ನಿಂತಲ್ಲೇ ಎರಡು ಸಲ ಓದಿದರು. ಸಂಜೆಯೊಳಗೆ ಮೆಮೊ ರದ್ದಾಯಿತು.

ಮರುವಾರ ನೀಲವ್ವ ಒಂದು ದಿನದ ರಜೆ ಕೇಳಿದಳು. ಉತ್ತರದಲ್ಲಿ ಅವಳ ಪ್ರಶ್ನೆ ಒಂದಕ್ಷರ ಬಿಡದೆ ಉಳಿದಿತ್ತು. ಕೆಳಗೆ ಸಾಹೇಬರು ಬರೆದಿದ್ದರು: "ಇದೊಂದಕ್ಕೆ ಮಾತ್ರ ಸರಿ."