ಕೊನೆಯ ದೃಶ್ಯ ಹೇಳಿ ಬೇಡ ಅನ್ನು

ಹೊಳೆ ದಂಡೆಯ ಆಶ್ರಮದಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳೇ ಸೇರಿ ತಾವು ತೆಗೆದ ಕಿರುಚಿತ್ರಗಳ ಉತ್ಸವ ನಡೆಸುತ್ತಿದ್ದರು. ಈ ಸಲ ಚಿತ್ರಗಳನ್ನು ಆರಿಸುವ ಕೆಲಸ ಕೇದಾರನ ಕೊರಳಿಗೆ ಬಿದ್ದಿತ್ತು.

ಹೋದ ವರ್ಷ ಅವನ ಚಿತ್ರವನ್ನೇ ಗುರುಗಳು ಬೇಡವೆಂದಿದ್ದರು. ಆ ಉರಿ ಅವನಲ್ಲಿ ಇನ್ನೂ ಆರಿರಲಿಲ್ಲ.

“ಸಾಕಾಯ್ತು ಗುರುಗಳೇ! ತಲೆ ಚಿಟ್ಟುಹಿಡಿದುಹೋಯ್ತು. ಎಲ್ಲರದ್ದೂ ಅದೇ ಸೂರ್ಯೋದಯ, ಅದೇ ಕೊಳಲು. ಒಂದಾದರೂ ನೆಟ್ಟಗಿಲ್ಲ. ಎಲ್ಲಾ ತೆಗೆದುಹಾಕಿದೆ.”

ಗುರುಗಳು ಬದನೆ ಗಿಡಕ್ಕೆ ನೀರು ಹಾಕುತ್ತಿದ್ದರು.

“ಪೂರ್ತಿ ನೋಡಿದೆಯಾ?”

“ಪೂರ್ತಿ ಯಾಕೆ? ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದಗುಳು ಸಾಕಲ್ಲ?”

“ಅನ್ನಕ್ಕೆ ಸಾಕಪ್ಪ. ಹೋಳಿಗೆಯ ಅಂಚು ಕಚ್ಚಿ ಹೂರಣ ಹೇಗಿದೆ ಅಂತ ಹೇಳ್ತೀಯಾ?”

ಗುರುಗಳು ಮುಂದಿನ ಗಿಡಕ್ಕೆ ಸರಿದರು.

“ಬೇಡ ಅನ್ನೋದು ನಿನ್ನ ಹಕ್ಕು. ಆದರೆ ಮಾಡಿದವರ ಎದುರು ನಿಂತು ಮೊದಲು ಅವರ ಚಿತ್ರದ ಕೊನೆಯ ದೃಶ್ಯ ಹೇಳು. ಆಮೇಲೆ ಬೇಡ ಅನ್ನು.”

ಮುದುಕರಿಗೆ ಹೊತ್ತು ಹೋಗದಿದ್ದರೆ ನಮ್ಮ ಪ್ರಾಣ ತಿನ್ನುತ್ತಾರೆ ಎಂದು ಗೊಣಗುತ್ತ ಅವನು ಕಿರಿಯ ವಿದ್ಯಾರ್ಥಿನಿ ಶರ್ವಾಣಿಯ ಬಳಿ ಹೋದ. ಅವಳ ಚಿತ್ರ ಶುರುವಾಗುವುದೇ ದಡಕ್ಕೆ ಕಟ್ಟಿದ ದೋಣಿಯಿಂದ. ಆ ದೋಣಿ ಅಲುಗಲಿಲ್ಲವೆಂದು ಅವನು ನೋಡುವುದನ್ನು ಅಲ್ಲಿಗೇ ನಿಲ್ಲಿಸಿದ್ದ.

“ಕೊನೆಯಲ್ಲಿ ದೋಣಿ ಆಚೆ ದಡ ಸೇರುತ್ತೆ,” ಎಂದು ಬುರುಡೆ ಬಿಟ್ಟ.

“ದೋಣಿ ನೀರಿಗೇ ಇಳಿಯಲ್ಲ, ಕೇದಾರಣ್ಣ. ಅದಕ್ಕೆ ತೂತು ಬಿದ್ದಿದೆ.” ಅವಳ ಕಣ್ಣು ತುಂಬಿತು. “ನೀವು ನೋಡೇ ಇಲ್ಲ.”

ಕೇದಾರನಿಗೆ ಮುಖಕ್ಕೆ ಹೊಡೆದಂತಾಯಿತು. ಮರಳಿ ಬಂದವನೇ ಆಕಳಿಸುತ್ತ, ಬೈದುಕೊಳ್ಳುತ್ತ ಆ ಚಿತ್ರವನ್ನು ಕೊನೆತನಕ ನೋಡಿದ. ಮತ್ತೆ ಅವಳಲ್ಲಿಗೆ ಹೋದ.

“ಅಂಬಿಗ ಆ ತೂತು ದೋಣಿಗೆ ಮಣ್ಣು ತುಂಬಿ ಮೆಂತ್ಯ ಬಿತ್ತುತ್ತಾನೆ. ಅದು ನನಗೆ ಇಷ್ಟವಾಯ್ತು. ಆದರೆ ಅಲ್ಲಿತನಕ ಎಳೆದೂ ಎಳೆದೂ ಕೊಂದುಬಿಟ್ಟಿದ್ದೀಯ, ಮಾತೂ ಸರಿಯಾಗಿ ಕೇಳಿಸಲ್ಲ. ಈ ಸಲ ಬೇಡ.”

ಶರ್ವಾಣಿ ಕಣ್ಣೊರೆಸಿಕೊಂಡಳು. “ಮೆಂತ್ಯ ನೋಡಿದಿರಲ್ಲ, ಅಷ್ಟು ಸಾಕು. ಎಲ್ಲೆಲ್ಲಿ ಎಳೆದಿದ್ದೀನಿ, ಹೇಳಿ.”

ಅವಳ ಸಮಾಧಾನ ಕಂಡು ಕೇದಾರನ ಹೊಟ್ಟೆ ಇನ್ನಷ್ಟು ಉರಿಯಿತು. ದಡಬಡ ತೋಟಕ್ಕೆ ಬಂದ.

“ನನಗೆ ಮಾತ್ರ ಈ ನಿಯಮ! ಹೋದ ವರ್ಷ ನನ್ನ ಚಿತ್ರ ಬೇಡ ಅಂದಿರಲ್ಲ, ನೀವು ಕೊನೆತನಕ ನೋಡಿದ್ದಿರಾ?”

ಗುರುಗಳು ಚೊಂಬು ಕೆಳಗಿಟ್ಟರು.

“ಅಜ್ಜಿ ಬಾಗಿಲು ಹಾಕ್ತಾಳೆ. ಆಮೇಲೆ ಮತ್ತೆ ತೆಗೆದು, ಹೊರಗೆ ಉಳಿದಿದ್ದ ಮೊಮ್ಮಗನ ಚಪ್ಪಲಿ ಒಳಗಿಡ್ತಾಳೆ. ಇದನ್ನ ಹೇಳೋಕೇ ಅವತ್ತು ನಿನ್ನ ಹತ್ತಿರ ಬಂದಿದ್ದೆ. ಬೇಡ ಅಂತ ಮೊದಲು ಹೇಳಿದೆ ನೋಡು, ನೀನು ಎದ್ದು ಹೋದೆ.”